ಗೆದ್ದ ನಾಟಕ, ಮೂಲೆಗೆ ಸರಿದ ಸಂಯೋಜಕ: ಯೂಬಿ ಬ್ಲೇಕ್ ಪ್ರಕರಣ

1921ರ ಮೇ 23ರಂದು ನ್ಯೂಯಾರ್ಕಿನ 63ನೇ ಬೀದಿಯ ಒಂದು ಹಳೆಯ ಸಭಾಂಗಣದಲ್ಲಿ ‘ಷಫಲ್ ಅಲಾಂಗ್’ ಎಂಬ ಸಂಗೀತ ನಾಟಕ ಮೊದಲ ಪ್ರದರ್ಶನ ಕಂಡಿತು. ಬರೆದವರು, ಹಾಡು ಕಟ್ಟಿದವರು, ಕುಣಿದವರು, ವಾದ್ಯ ನುಡಿಸಿದವರು ಎಲ್ಲರೂ ಆಫ್ರಿಕನ್-ಅಮೆರಿಕನ್ನರು. ಬ್ರಾಡ್‌ವೇಯ ಪ್ರಮುಖ ರಂಗಮಂದಿರಗಳ ಸಾಲಿನಿಂದ ಬಹಳ ದೂರವಿದ್ದ ಆ ಜಾಗದಲ್ಲಿ ಅದು ಸುಮಾರು 500 ಪ್ರದರ್ಶನ ಓಡಿತು. ಸಂಗೀತ ಸಂಯೋಜಿಸಿದ ಪಿಯಾನೋ ವಾದಕ ಯೂಬಿ ಬ್ಲೇಕ್‌ಗೆ ಆಗ 34 ವರ್ಷ. ಅದಾದ ಮೇಲೆ ಆತ ಇನ್ನೂ 61 ವರ್ಷ ಬದುಕಿದ. ಅಷ್ಟು ದೀರ್ಘ ಕಾಲದಲ್ಲಿ ಆತ ಹೊಸದಾಗಿ ಸಂಗೀತ ಕೊಟ್ಟ ಬ್ರಾಡ್‌ವೇ ನಾಟಕಗಳಲ್ಲಿ ಒಂದೂ ಆ ಮಟ್ಟಕ್ಕೆ ಗೆಲ್ಲಲಿಲ್ಲ.

ಯಾಕೆ? ಜೊತೆಗಾರರು ಒಡೆದುಹೋದರು, 1929ರ ಆರ್ಥಿಕ ಕುಸಿತ ಬಂತು, ಜನರ ರುಚಿ ಬದಲಾಯಿತು ಎಂಬ ಉತ್ತರಗಳಿವೆ. ಒಂದೂ ಸುಳ್ಳಲ್ಲ. ಆದರೆ ಈ ನಾಟಕದ ಎರಡು ಹಾಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಇನ್ನೊಂದು ಕಾರಣ ಕಿವಿಗೇ ತಾಗುತ್ತದೆ, ನನಗೆ ಅದೇ ಮುಖ್ಯವಾದದ್ದು. ಬ್ರಾಡ್‌ವೇ ಬ್ಲೇಕ್‌ನ ಲಯವನ್ನು ಎರಡೂ ಕೈಯಿಂದ ಬಾಚಿಕೊಂಡಿತು. ಆತನ ಮಧುರ ಗೀತೆಗಳನ್ನು, ಅವುಗಳ ಹಿಂದಿದ್ದ ಆಸೆಯನ್ನು ಮಾತ್ರ ‘ಇದು ನಿನ್ನದಲ್ಲ’ ಅಂತ ಬದಿಗೆ ತಳ್ಳಿತು.

ಬಾಲ್ಟಿಮೋರ್‌ನ ಹುಡುಗ

ಜೇಮ್ಸ್ ಹ್ಯೂಬರ್ಟ್ ಬ್ಲೇಕ್ ಹುಟ್ಟಿದ್ದು ಬಾಲ್ಟಿಮೋರ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದು ಬಿಡುಗಡೆ ಕಂಡವರು. ಅಪ್ಪನಿಗೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸ. ಹುಟ್ಟಿದ ಮಕ್ಕಳಲ್ಲಿ ಬದುಕುಳಿದವನು ಇವನೊಬ್ಬನೇ. ನಾಲ್ಕೈದು ವರ್ಷದವನಿದ್ದಾಗ ಅಮ್ಮನ ಜೊತೆ ಪೇಟೆಗೆ ಹೋದವನು ಕೈ ತಪ್ಪಿಸಿಕೊಂಡು ವಾದ್ಯದಂಗಡಿಗೆ ನುಗ್ಗಿ ಆರ್ಗನ್ ಮುಂದೆ ಕೂತುಬಿಟ್ಟನಂತೆ. ಅಂಗಡಿಯವನು ಬಿಡಲಿಲ್ಲ, ಕಾಲಲ್ಲಿ ತಿದಿ ಒತ್ತಿ ನುಡಿಸುವ 75 ಡಾಲರಿನ ಆರ್ಗನ್ನನ್ನು ವಾರಕ್ಕೆ 25 ಸೆಂಟಿನ ಕಂತಿನ ಮೇಲೆ ಮನೆಗೆ ಸಾಗಹಾಕಿದ. ಲೆಕ್ಕ ಹಾಕಿದರೆ 300 ವಾರ, ಹತ್ತಿರ ಹತ್ತಿರ ಆರು ವರ್ಷದ ಸಾಲ. ಕೂಲಿಯವನ ಮನೆಯಲ್ಲಿ ಒಂದು ವಾದ್ಯಕ್ಕೆ ಅಷ್ಟು ವರ್ಷ ಕಂತು ಕಟ್ಟುವುದೆಂದರೆ ಸಣ್ಣ ಮಾತಲ್ಲ.

ಪಕ್ಕದ ಮನೆಯ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮಾರ್ಗರೆಟ್ ಮಾರ್ಷಲ್ ಪಾಠ ಹೇಳಿದರು. ಅಮ್ಮ ಮಹಾ ದೈವಭಕ್ತೆ, ಆಕೆಗೆ ಸ್ತೋತ್ರಗೀತೆ ಸಾಕು. ಹುಡುಗನ ಕಿವಿಗೆ ಬಿದ್ದದ್ದು ಒತ್ತು ಪಲ್ಲಟಿಸಿ ಪಿಯಾನೋದಲ್ಲಿ ನುಡಿಸುವ ಕಪ್ಪು ಜನರ ಸಂಗೀತ, ಬೀದಿಯ ರ‍್ಯಾಗ್‌ಟೈಮ್. ಮನೆಯಲ್ಲಿ ಅದನ್ನು ನುಡಿಸಿದರೆ ಬೈಗುಳ. ಹದಿನೈದರ ಹೊತ್ತಿಗೆ ಆತ ರಾತ್ರಿ ಅಮ್ಮ ಮಲಗಿದ ಮೇಲೆ ಕಿಟಕಿಯಿಂದ ಇಳಿದು, ಬಾಡಿಗೆಗೆ ಉದ್ದ ಪ್ಯಾಂಟು ತೊಟ್ಟು, ಆಗಿ ಶೆಲ್ಟನ್ ಎಂಬಾಕೆಯ ವೇಶ್ಯಾಗೃಹದಲ್ಲಿ ಪಿಯಾನೋ ನುಡಿಸಿ ಬರುತ್ತಿದ್ದ. ಹುಡುಗ ಸಿಕ್ಕಿಬಿದ್ದಾಗ ಅಮ್ಮ ಕೆರಳಿದಳು. ಕೂಡಿಟ್ಟ ದುಡ್ಡನ್ನು ಕಂಡ ಅಪ್ಪ ಮಾತ್ರ ಹೆಚ್ಚು ಮಾತಾಡಲಿಲ್ಲ.

ಆ ಕಾಲದಲ್ಲೇ ಮನಸ್ಸಿನಲ್ಲಿ ಕಟ್ಟಿ, ಬಹಳ ವರ್ಷಗಳ ನಂತರ ಸ್ವರ ಹಾಕಿದ ಕೃತಿ ‘ಚಾರ್ಲ್‌ಸ್ಟನ್ ರ‍್ಯಾಗ್’. ಎಡಗೈ ಅಷ್ಟಮಸ್ವರಗಳನ್ನು ಒಡೆದು ಮೆಟ್ಟಿಲು ಹತ್ತುವ ಹಾಗೆ ನಡೆಯುತ್ತದೆ. ಬಲಗೈಯ ಒತ್ತು ತಾಳದ ಪೆಟ್ಟಿನ ಮೇಲೆ ಬೀಳದೆ ಎಡೆಯಲ್ಲಿ ಬೀಳುತ್ತದೆ. ಬ್ಲೇಕ್‌ನ ಬೆರಳು ಎಷ್ಟು ಉದ್ದವೆಂದರೆ ಒಂದೇ ಕೈಯಲ್ಲಿ ಪಿಯಾನೋದ ಹನ್ನೆರಡು ಬಿಳಿ ಮನೆಗಳನ್ನು ಮುಟ್ಟುತ್ತಿದ್ದ. ಇದು ಆತನ ಒಂದು ಮುಖ, ಎಲ್ಲರೂ ನೆನೆಯುವ ಮುಖ. ಇನ್ನೊಂದು ಮುಖ ಅಷ್ಟು ಪ್ರಸಿದ್ಧವಲ್ಲ. ಆತನ ಆರಾಧ್ಯ ಸಂಯೋಜಕ ‘ಫ್ಲೊರಡೋರ’ ಬರೆದ ಇಂಗ್ಲಿಷಿನವ ಲೆಸ್ಲಿ ಸ್ಟುವರ್ಟ್. ವಿಕ್ಟರ್ ಹರ್ಬರ್ಟ್‌ನ ಆಪೆರೆಟಾಗಳೆಂದರೂ (ಹಗುರ ಧಾಟಿಯ ಗೀತನಾಟಕಗಳು) ಜೀವ. ತೇಲಿಬರುವ ಉದ್ದ ಸಾಲಿನ ಮಧುರ ಗೀತೆ, ಸಭ್ಯ ಪ್ರೇಮ, ಮೂರೆಣಿಕೆಯ ಕುಣಿತವಾದ ವಾಲ್ಟ್ಸ್: ಇದನ್ನು ಬರೆಯಬೇಕೆಂಬುದು ಆತನ ಹಂಬಲವಾಗಿತ್ತು. ಈ ಪ್ರಕರಣದ ಬೀಗದ ಕೈ ಇರುವುದು ಇಲ್ಲೇ.

ನಾಲ್ವರು ಸೇರಿದ್ದು

1915ರಲ್ಲಿ ಬಾಲ್ಟಿಮೋರ್‌ನಲ್ಲಿ ಬ್ಲೇಕ್‌ಗೆ ಹಾಡುಗಾರ ನೋಬಲ್ ಸಿಸಲ್ ಸಿಕ್ಕ. ಸಿಸಲ್ ಸಾಹಿತ್ಯ, ಬ್ಲೇಕ್ ಸಂಗೀತ. ಇಬ್ಬರೂ ನ್ಯೂಯಾರ್ಕಿಗೆ ಹೋಗಿ ಜೇಮ್ಸ್ ರೀಸ್ ಯುರೋಪ್ ಎಂಬ ಬ್ಯಾಂಡ್ ನಾಯಕನ ನೆರಳಿಗೆ ಬಂದರು. ಮೊದಲ ಮಹಾಯುದ್ಧದಲ್ಲಿ ಯುರೋಪ್ ಮತ್ತು ಸಿಸಲ್ ಕಪ್ಪು ಸೈನಿಕರ 369ನೇ ದಳದ ಬ್ಯಾಂಡಿನಲ್ಲಿ ಫ್ರಾನ್ಸಿಗೆ ಹೋದರು. ಗೆದ್ದು ಬಂದ ಯುರೋಪ್‌ನನ್ನು 1919ರ ಮೇ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಅವನದೇ ಬ್ಯಾಂಡಿನ ಡ್ರಮ್ ವಾದಕ ಚಾಕುವಿನಿಂದ ಇರಿದು ಕೊಂದ. ಕಪ್ಪು ಜನರ ನಾಟಕವನ್ನು ಮತ್ತೆ ಬ್ರಾಡ್‌ವೇಗೆ ತರುವ ಕನಸು ಯುರೋಪ್‌ನದು. ಅದು ಈ ಇಬ್ಬರ ಹೆಗಲಿಗೆ ಬಂತು. ಅವರು ಟಕ್ಸೀಡೋ ತೊಟ್ಟು, ಮುಖಕ್ಕೆ ಮಸಿ ಬಳಿಯದೆ, ಒಂದು ಪಿಯಾನೋ ಇಟ್ಟುಕೊಂಡು ಊರೂರು ತಿರುಗಿ ಹಾಡಿದರು. ಕಪ್ಪು ಕಲಾವಿದರೂ ಸುಟ್ಟ ಬೆಂಡಿನ ಮಸಿ ಬಳಿದೇ ರಂಗಕ್ಕೆ ಬರಬೇಕೆಂಬ ಕಾಲದಲ್ಲಿ ಅದು ಸಣ್ಣ ಹಟವಲ್ಲ.

1903ರಲ್ಲೇ ಕಪ್ಪು ಕಲಾವಿದರ ‘ಇನ್ ಡಹೋಮಿ’ ನಾಟಕ ಬ್ರಾಡ್‌ವೇ ಕಂಡಿತ್ತು. ಆದರೆ ಆ ತಲೆಮಾರಿನ ಅರ್ನೆಸ್ಟ್ ಹೋಗನ್, ಬಾಬ್ ಕೋಲ್, ಜಾರ್ಜ್ ವಾಕರ್ ಮೂವರೂ 1909 ಮತ್ತು 1911ರ ನಡುವೆ ತೀರಿಕೊಂಡರು, ಬರ್ಟ್ ವಿಲಿಯಮ್ಸ್ ಜೀಗ್‌ಫೆಲ್ಡ್‌ನ ಬಿಳಿಯರ ಕಂಪನಿ ಸೇರಿದ. ಹತ್ತು ವರ್ಷ ಬಾಗಿಲು ಮುಚ್ಚಿದಂತೆಯೇ ಇತ್ತು. 1920ರಲ್ಲಿ ಫಿಲಡೆಲ್ಫಿಯಾದ ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ ಸಿಸಲ್ ಮತ್ತು ಬ್ಲೇಕ್‌ಗೆ ಹಾಸ್ಯ ಜೋಡಿ ಫ್ಲೋರ್ನಾಯ್ ಮಿಲ್ಲರ್ ಮತ್ತು ಆಬ್ರಿ ಲೈಲ್ಸ್ ಸಿಕ್ಕರು. ಅವರ ಹತ್ತಿರ ಒಂದು ಹಳೆಯ ಪ್ರಹಸನವಿತ್ತು: ಜಿಮ್‌ಟೌನ್ ಎಂಬ ಊರಲ್ಲಿ ಒಂದೇ ದಿನಸಿ ಅಂಗಡಿಯ ಇಬ್ಬರು ಪಾಲುದಾರರು ಮೇಯರ್ ಪದವಿಗೆ ಎದುರುಬದುರು ನಿಲ್ಲುತ್ತಾರೆ, ಇಬ್ಬರೂ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾರೆ. ಅದಕ್ಕೆ ಹ್ಯಾರಿ ಎಂಬ ಪ್ರಾಮಾಣಿಕ ಅಭ್ಯರ್ಥಿ, ಅವನಿಗೊಬ್ಬ ಪ್ರೇಯಸಿ ಸೇರಿದರು. ನಾಟಕ ಸಿದ್ಧವಾಯಿತು.

ದುಡ್ಡಿರಲಿಲ್ಲ. ನಿರ್ಮಾಪಕ ಜಾನ್ ಕಾರ್ಟ್ ಕೊಟ್ಟದ್ದು ಬಿದ್ದುಹೋದ ಬೇರೆ ನಾಟಕಗಳ ಉಡುಪು. ಅವುಗಳಲ್ಲಿ ಹತ್ತಿ ಬಿಡಿಸುವವರ ವೇಷಗಳಿದ್ದವು, ಹೊಲಿಗೆಯ ಜಾಗದಲ್ಲಿ ಇನ್ನೂ ಹಿಂದಿನವರ ಬೆವರಿನ ಕಲೆ. ಉಡುಪಿದೆ, ದೃಶ್ಯವಿಲ್ಲ, ಹಾಗಾಗಿ ಅವಕ್ಕಾಗಿಯೇ ‘ಬಂಡಾನ ಡೇಸ್’ ಬರೆದರು. ಪೌರ್ವಾತ್ಯ ಮಾದರಿಯ ಬಟ್ಟೆಗಳೂ ಇದ್ದವು. ‘ಓರಿಯೆಂಟಲ್ ಬ್ಲೂಸ್’ ಹುಟ್ಟಿದ್ದು ಹಾಗೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ತಿರುಗಿ ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಕಂಪನಿಯ ತಲೆಯ ಮೇಲೆ ಹದಿನೆಂಟು ಸಾವಿರ ಡಾಲರಿನಷ್ಟು ಸಾಲ. ಸಿಕ್ಕ ಸಭಾಂಗಣ ಉಪನ್ಯಾಸಗಳಿಗೆಂದು ಕಟ್ಟಿದ್ದು. ವೇದಿಕೆಗೆ ಆಳವಿಲ್ಲ, ವಾದ್ಯವೃಂದಕ್ಕೆ ಜಾಗವಿಲ್ಲ. ಮುಂದಿನ ಕುರ್ಚಿ ಕಿತ್ತು ವಾದ್ಯದವರನ್ನು ಕೂರಿಸಿದರು.

ಆ ವಾದ್ಯದವರ ಪಟ್ಟಿ ನೋಡಬೇಕು. ಓಬೋ ಹಿಡಿದವನು ವಿಲಿಯಂ ಗ್ರಾಂಟ್ ಸ್ಟಿಲ್, ಮುಂದೆ ‘ಆಫ್ರೋ-ಅಮೆರಿಕನ್ ಸಿಂಫನಿ’ ಬರೆದವನು. ವಿಯೋಲಾ ನುಡಿಸಿದ್ದು ಹಾಲ್ ಜಾನ್ಸನ್, ಮುಂದೆ ಗಾಯನವೃಂದ ಕಟ್ಟಿ ದೇಶಕ್ಕೆಲ್ಲ ಹೆಸರಾದವನು. ಇಂಥವರು ಸ್ವರಲಿಪಿಯ ಹಾಳೆಯನ್ನು ಎದುರಿಗಿಡದೆ ಇಡೀ ನಾಟಕವನ್ನು ಬಾಯಿಪಾಠವಾಗಿ ನುಡಿಸುತ್ತಿದ್ದರು. ಕಪ್ಪು ವಾದಕರು ಓದಿ ಕಲಿತವರು ಎಂದರೆ ಬಿಳಿಯ ಪ್ರೇಕ್ಷಕರಿಗೆ ಒಪ್ಪಿಗೆಯಾಗುತ್ತಿರಲಿಲ್ಲ, ಹುಟ್ಟಾ ಬಂದದ್ದು ಎಂದುಕೊಳ್ಳುವುದೇ ಅವರಿಗೆ ಬೇಕಿತ್ತು ಎಂದು ಬ್ಲೇಕ್ ಮುಂದೆ ಹೇಳಿಕೊಂಡ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಲಿಕೆಯನ್ನು ಬಚ್ಚಿಟ್ಟು, ನಂತರ ಅದನ್ನೇ ಪ್ರತಿಭೆ ಅಂತ ಹೊಗಳಿಸಿಕೊಳ್ಳಬೇಕು.

ಎರಡು ಹಾಡು

ಮೊದಲನೆಯದು ‘ಲವ್ ವಿಲ್ ಫೈಂಡ್ ಎ ವೇ’. ನಾಯಕ ನಾಯಕಿ ಎದುರುಬದುರು ನಿಂತು ಹಾಡುವ ಪ್ರೇಮಗೀತೆ, ಹಾಡಿದವರು ಲಾಟಿ ಗೀ ಮತ್ತು ರೋಜರ್ ಮ್ಯಾಥ್ಯೂಸ್. ಇಂದು ಕೇಳಿದರೆ ಸಾಧುವಾದ ಹಾಡು. ಆದರೆ ಅಂದಿನ ಬಿಳಿಯರ ರಂಗಭೂಮಿಯಲ್ಲಿ ಕಪ್ಪು ಗಂಡು ಹೆಣ್ಣಿನ ಪ್ರೀತಿ ಅಂದರೆ ತಮಾಷೆಯ ವಸ್ತು. ನಗಿಸುವುದಕ್ಕಲ್ಲದೆ ಗಂಭೀರವಾಗಿ ಪ್ರೀತಿಸಿದರೆ ಜನ ಕಲ್ಲು ಹೊಡೆಯುತ್ತಾರೆ ಎಂಬ ಭಯವಿತ್ತು. ಮೊದಲ ರಾತ್ರಿ ಈ ಹಾಡು ಶುರುವಾದಾಗ ಸಿಸಲ್, ಮಿಲ್ಲರ್, ಲೈಲ್ಸ್ ಮೂವರೂ ಹೊರಬಾಗಿಲ ಹತ್ತಿರ, ಒಂದು ಕಾಲು ಕಪ್ಪು ಜನರ ಬಡಾವಣೆ ಹಾರ್ಲೆಮ್ ಕಡೆ ತಿರುಗಿಸಿಕೊಂಡೇ ನಿಂತಿದ್ದರಂತೆ. ಬ್ಲೇಕ್‌ಗೆ ಓಡುವ ದಾರಿಯಿರಲಿಲ್ಲ. ಪಿಯಾನೋ ಮುಂದೆ, ಪ್ರೇಕ್ಷಕರಿಗೆ ಬೆನ್ನು ಕೊಟ್ಟು, ಬೋಳುತಲೆ ಹೊಳೆಯಿಸಿಕೊಂಡು ವಾದ್ಯವೃಂದ ನಡೆಸುತ್ತಿದ್ದ. ಕೊಳೆತ ಮೊಟ್ಟೆ ಬಿದ್ದರೆ ಮೊದಲು ಬೀಳುವುದು ಅಲ್ಲೇ. ಬಿದ್ದದ್ದು ಚಪ್ಪಾಳೆ, ಜನ ಒನ್ಸ್ ಮೋರ್ ಕೂಗಿ ಮತ್ತೆ ಹಾಡಿಸಿದರು.

ಎರಡನೆಯದು ‘ಐಯಾಮ್ ಜಸ್ಟ್ ವೈಲ್ಡ್ ಅಬೌಟ್ ಹ್ಯಾರಿ’. ಬ್ಲೇಕ್ ಅದನ್ನು ವಾಲ್ಟ್ಸ್ ಆಗಿ ಬರೆದಿದ್ದ: ಮೂರೆಣಿಕೆಯ ತೂಗು, ಆತನ ಮೆಚ್ಚಿನ ಆಪೆರೆಟಾಗಳ ಧಾಟಿ. ಕಪ್ಪು ಜನರ ನಾಟಕದಲ್ಲಿ ವಾಲ್ಟ್ಸ್ ಯಾರು ಕೇಳುತ್ತಾರೆ ಅಂತ ತಕರಾರು ತೆಗೆದವಳು ಲಾಟಿ ಗೀ. ಅವಳ ಮಾತಿನಲ್ಲಿ ತಿರಸ್ಕಾರ ಹುಡುಕಬಾರದು. ಪ್ರೇಕ್ಷಕರನ್ನು ಎದುರಿಸಬೇಕಾದವಳು ಅವಳು, ಆ ಮಾರುಕಟ್ಟೆ ಅವಳಿಗೆ ಚೆನ್ನಾಗಿ ಗೊತ್ತು. ಬ್ಲೇಕ್‌ಗೆ ಕರುಳು ಕಿತ್ತುಬಂದಂತಾದರೂ ಹಾಡನ್ನು ಎರಡೆಣಿಕೆಯ ಚುರುಕು ಕುಣಿತವಾದ ಒನ್‌ಸ್ಟೆಪ್‌ಗೆ ತಿರುಗಿಸಿದ. ಅದೇ ಸ್ವರಗಳು ಒತ್ತು ಪಲ್ಲಟವಾಗಿ ಕುಣಿಯತೊಡಗಿದವು. ಆದರೂ ಪ್ರವಾಸದ ಊರುಗಳಲ್ಲಿ ಅದು ಕಚ್ಚಿಕೊಳ್ಳಲಿಲ್ಲ, ಕೈಬಿಡುವ ಮಾತೂ ಬಂತು. ಆಮೇಲೆ ಒಂದು ದಿನ ಮೇಳದ ಹುಡುಗನೊಬ್ಬ ಸಾಲಿನ ಹೆಜ್ಜೆ ಹಿಡಿಯಲಾಗದೆ ಹೊರಬಂದು ತನಗೆ ತೋಚಿದ ಹಾಗೆ ಕುಣಿದ, ಜನ ಹುಚ್ಚೆದ್ದರು. ಇಡೀ ನಾಟಕದಲ್ಲಿ ಜಗತ್ತು ಉಳಿಸಿಕೊಂಡ ಹಾಡು ಇದು. 1948ರಲ್ಲಿ ಹ್ಯಾರಿ ಟ್ರೂಮನ್ ಅಧ್ಯಕ್ಷ ಚುನಾವಣೆಗೆ ನಿಂತಾಗ ಪ್ರಚಾರಕ್ಕೆ ಇದನ್ನೇ ಹಾಡಿದರು.

ಮೊದಲ ಹಾಡಿನಲ್ಲಿ ಒಂದು ದೊಡ್ಡ ನಿಷೇಧ ಮುರಿಯಿತು. ಎರಡನೆಯದರಲ್ಲಿ ಕಣ್ಣಿಗೆ ಬೀಳದ ಇನ್ನೊಂದು ನಿಷೇಧ ಗೆದ್ದಿತು, ಅದೂ ಹಾಡಿಗೆ ಒಳ್ಳೆಯದೇ ಆಗುವ ರೀತಿಯಲ್ಲಿ ಗೆದ್ದಿತು. ಒನ್‌ಸ್ಟೆಪ್ ಆದ ಮೇಲೆ ಹಾಡು ನಿಜಕ್ಕೂ ಉತ್ತಮವಾಯಿತು ಎಂದೇ ನನ್ನ ಅಭಿಪ್ರಾಯ. ತೊಡಕಿರುವುದೂ ಅಲ್ಲೇ. ಬದಲಾವಣೆ ಫಲ ಕೊಟ್ಟದ್ದರಿಂದ ಅದು ನಿಯಮವಾಗಿಬಿಟ್ಟಿತು.

ಗೆಲುವಿನ ಲೆಕ್ಕ ಯಾರಿಗೆ

63ನೇ ಬೀದಿಯಲ್ಲಿ ಕಾರುಗಳ ಸಾಲು ಬೆಳೆದು ಅದನ್ನು ಏಕಮುಖ ಸಂಚಾರ ಮಾಡಬೇಕಾಯಿತು. ಬೇರೆ ನಾಟಕದವರು ತಮ್ಮ ಕೆಲಸ ಮುಗಿಸಿ ಬಂದು ನೋಡಲೆಂದು ಬುಧವಾರ ನಡುರಾತ್ರಿ ಆಟ ಇಟ್ಟರು. ಬಾಲ್ಕನಿಯೇ ಗತಿ ಎಂಬಂತಿದ್ದ ಕಪ್ಪು ಪ್ರೇಕ್ಷಕರು ಕೆಳಗಿನ ಮುಖ್ಯ ಆಸನಗಳಲ್ಲಿ ಕೂತರು. ಸಮಾನವಾಗಿ ಅಲ್ಲ, ಆದರೂ ಕೂತರು. ಫ್ಲಾರೆನ್ಸ್ ಮಿಲ್ಸ್ ತಾರೆಯಾದಳು. ಗಾಯಕ-ನಟ ಪಾಲ್ ರೋಬ್ಸನ್ ಕೆಲವು ದಿನ ಹಾಡಿದ. ವಯಸ್ಸು ಸಾಲದು ಎಂದು ಮೊದಲು ತಿರಸ್ಕೃತಳಾದ ಜೋಸೆಫೀನ್ ಬೇಕರ್ ಪ್ರವಾಸಿ ತಂಡ ಸೇರಿ, ಸಾಲಿನ ಕೊನೆಯಲ್ಲಿ ಕಣ್ಣು ಹೊರಳಿಸಿ ಕಾಲು ತೊಡರಿಸಿ ನಗಿಸಿಯೇ ಹೆಸರಾದಳು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನಂಥವರಿಗೆ ಕಪ್ಪು ಸಾಹಿತಿ ಕಲಾವಿದರ ಚಳವಳಿಯಾದ ಹಾರ್ಲೆಮ್ ಪುನರುಜ್ಜೀವನ ಶುರುವಾದದ್ದೇ ಈ ನಾಟಕದಿಂದ.

ಬ್ರಾಡ್‌ವೇ ಬೇಗ ಕಲಿಯಿತು. ಬಿಳಿಯರ ರೆವ್ಯೂಗಳು (ಹಾಡು ಕುಣಿತದ ಪ್ರದರ್ಶನಗಳು) ತಮ್ಮ ಹುಡುಗಿಯರಿಗೆ ಈ ಹೆಜ್ಜೆ ಕಲಿಸಲು ಕಪ್ಪು ನರ್ತಕರನ್ನು ಕರೆಸಿಕೊಂಡವು, ಬಹಳ ಸಲ ಹೆಸರು ಹಾಕದೆ. ಮಿಲ್ಲರ್ ಮತ್ತು ಲೈಲ್ಸ್ ಬೇರೆಯಾಗಿ 1923ರಲ್ಲಿ ‘ರನ್ನಿನ್ ವೈಲ್ಡ್’ ತಂದರು. ಅದರ ಸಂಯೋಜಕ ಜೇಮ್ಸ್ ಪಿ. ಜಾನ್ಸನ್ ಕೊಟ್ಟ ‘ಚಾರ್ಲ್‌ಸ್ಟನ್’ ಕುಣಿತ ಇಡೀ ದಶಕಕ್ಕೇ ಹಿಡಿಯಿತು.

ಇತ್ತ ಬ್ಲೇಕ್ ಮತ್ತು ಸಿಸಲ್ 1924ರ ಸೆಪ್ಟೆಂಬರಿನಲ್ಲಿ ‘ದಿ ಚಾಕೊಲೇಟ್ ಡ್ಯಾಂಡೀಸ್’ ತಂದರು. ಈ ಬಾರಿ ಹಳೆಯ ಬೆವರಿನ ಬಟ್ಟೆಯಿಲ್ಲ. ದೊಡ್ಡ ತಂಡ, ಒಳ್ಳೆಯ ಉಡುಪು, ರಂಗದ ಮೇಲೆ ಉರುಳುವ ಪಟ್ಟಿಯ ಮೇಲೆ ನಿಜವಾದ ಕುದುರೆಗಳ ಓಟ. ಬ್ಲೇಕ್ ತನ್ನ ಎಲ್ಲ ಕೆಲಸಗಳಲ್ಲಿ ಮೆಚ್ಚಿಕೊಂಡದ್ದು ಈ ನಾಟಕದ ಸಂಗೀತವನ್ನು. ಕೆಲವು ವಿಮರ್ಶಕರು ಮೂಗು ಮುರಿದರು: ಇದು ಬಿಳಿಯರ ನಾಟಕದಂತಿದೆ, ಬಹಳ ಆಡಂಬರ, ಹಳೆಯ ಬಿರುಸು ಎಲ್ಲಿ? 96 ಪ್ರದರ್ಶನಕ್ಕೆ ನಿಂತಿತು. ವೆಚ್ಚ ಹೆಚ್ಚಾಗಿತ್ತು ಎಂಬುದೂ ಸೋಲಿಗೆ ಕಾರಣ, ಮುಚ್ಚಿಡುವಂಥದ್ದಲ್ಲ. ಆದರೆ ಒಬ್ಬ ಸಂಯೋಜಕ ತನ್ನ ಅತ್ಯುತ್ತಮ ಎಂದುಕೊಂಡದ್ದನ್ನು ತಂದಾಗ ‘ನಿನ್ನ ಜನ ಹೀಗೆ ಬರೆಯುವುದಿಲ್ಲ’ ಎಂಬ ಉತ್ತರ ಸಿಕ್ಕರೆ ಮುಂದೆ ಏನು ಬರೆಯಬೇಕು? ಲಾಟಿ ಗೀ ಊಹಿಸಿದ್ದ ಪ್ರೇಕ್ಷಕರು ಇವರೇ.

ನಂತರದ್ದು ಬೇಗ ಹೇಳಿಬಿಡಬಹುದು. ಇಬ್ಬರೂ ಯುರೋಪ್ ಖಂಡದ ಪ್ರವಾಸ ಮಾಡಿದರು. ಸಿಸಲ್‌ಗೆ ಅಲ್ಲೇ ಉಳಿಯುವ ಮನಸ್ಸು, ಬ್ಲೇಕ್‌ಗೆ ಊರಿನ ಸೆಳೆತ. 1927ರ ಹೊತ್ತಿಗೆ ಜೋಡಿ ಬೇರೆಯಾಯಿತು. ‘ಬ್ಲ್ಯಾಕ್‌ಬರ್ಡ್ಸ್ ಆಫ್ 1930’ಗೆ ಆಂಡಿ ರಜಾಫ್ ಸಾಹಿತ್ಯದಲ್ಲಿ ಬ್ಲೇಕ್ ‘ಮೆಮೊರೀಸ್ ಆಫ್ ಯೂ’ ಬರೆದ. ನಾಟಕ ಎರಡು ತಿಂಗಳೊಳಗೆ ಮುಚ್ಚಿತು, ಹಾಡು ಉಳಿಯಿತು. ಲೂಯಿ ಆರ್ಮ್‌ಸ್ಟ್ರಾಂಗ್‌ನಿಂದ ಬೆನ್ನಿ ಗುಡ್‌ಮನ್‌ವರೆಗೆ ಜಾಝ್‌ನವರ ಕೈಗೆ ಸೇರಿತು. ಆ ಉದ್ದ ಸಾಲಿನ, ಎತ್ತರಕ್ಕೆ ಏರಿ ನಿಧಾನ ಇಳಿಯುವ ಗೀತೆಯನ್ನು ಕೇಳಿದರೆ ಬ್ಲೇಕ್‌ಗೆ ಏನು ಬರೆಯಲು ಬರುತ್ತಿತ್ತು ಎಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ. ಬ್ರಾಡ್‌ವೇ ಮಾತ್ರ ಆತನಿಂದ ಕೇಳಿದ್ದು ಮತ್ತೆ ಮತ್ತೆ ‘ಷಫಲ್ ಅಲಾಂಗ್’ ಹೆಸರನ್ನೇ. 1932ರ ಕೊನೆಯಲ್ಲಿ ಆ ಹೆಸರಿನ ಹೊಸ ನಾಟಕ 17 ಪ್ರದರ್ಶನ ಕಂಡಿತು, 1952ರಲ್ಲಿ ಇನ್ನೊಂದು 4 ಪ್ರದರ್ಶನ.

ಎಂಬತ್ತರ ಮೇಲೆ

ಎರಡನೇ ಮಹಾಯುದ್ಧದ ನಂತರ, ಅರವತ್ತರ ಆಸುಪಾಸಿನಲ್ಲಿ, ಬ್ಲೇಕ್ ನ್ಯೂಯಾರ್ಕ್ ವಿಶ್ವವಿದ್ಯಾಲಯ ಸೇರಿ ಗಣಿತದ ಆಧಾರದ ಶಿಲಿಂಗರ್ ಪದ್ಧತಿಯ ಸಂಗೀತ ಸಂಯೋಜನೆ ಕಲಿತ. ವಾದ್ಯದವರು ಸ್ವರಲಿಪಿಯ ಹಾಳೆ ಬಚ್ಚಿಡಬೇಕಾಗಿದ್ದ ನಾಟಕದ ಸಂಯೋಜಕ ತಾನಾಗಿ ಹೋಗಿ ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ಓದಿದ. ಇದನ್ನು ಹವ್ಯಾಸ ಎಂದು ನಾನು ಒಪ್ಪುವುದಿಲ್ಲ, ಆತನ ಬದುಕಿನುದ್ದಕ್ಕೂ ಇದ್ದ ಹಂಬಲದ್ದೇ ಮುಂದುವರಿಕೆ ಅದು.

ರ‍್ಯಾಗ್‌ಟೈಮ್‌ಗೆ ಮತ್ತೆ ಕಳೆ ಬಂದಾಗ ಜನ ಹಳಬರನ್ನು ಹುಡುಕಿದರು. 1969ರಲ್ಲಿ ಕೊಲಂಬಿಯಾ ಕಂಪನಿಗೆ ಜಾನ್ ಹ್ಯಾಮಂಡ್ ಆತನ ಜೋಡಿ ಎಲ್‌ಪಿ ಮಾಡಿಸಿದ; ಹೆಸರಿನಲ್ಲೇ ‘86 ವರ್ಷ’ ಎಂದಿತ್ತು. ಬ್ಲೇಕ್ ತಾನು 1883ರಲ್ಲಿ ಹುಟ್ಟಿದವನೆಂದು ಹೇಳುತ್ತಿದ್ದ, ಜನಗಣತಿ ಮತ್ತು ಸರ್ಕಾರಿ ಕಾಗದಗಳು 1887 ಅನ್ನುತ್ತವೆ. ಧ್ವನಿಮುದ್ರಿಕೆಯಲ್ಲಿ ಎಡಗೈ ಇನ್ನೂ ಅದೇ ಗಟ್ಟಿ. ಎರಡನೇ ಹೆಂಡತಿ ಮೇರಿಯನ್ ಲೆಕ್ಕಪತ್ರ, ಕರಾರು ಎಲ್ಲ ನೋಡಿಕೊಂಡಳು. 1978ರಲ್ಲಿ ಆತನ ಹಳೆಯ ಹಾಡುಗಳನ್ನೇ ಪೋಣಿಸಿದ ‘ಯೂಬಿ!’ ಬ್ರಾಡ್‌ವೇಯಲ್ಲಿ 439 ಪ್ರದರ್ಶನ ಓಡಿತು. ಗ್ರೆಗರಿ ಮತ್ತು ಮಾರಿಸ್ ಹೈನ್ಸ್ ಸಹೋದರರು ಕುಣಿದರು. 1981ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ನೂರನೇ ಹುಟ್ಟುಹಬ್ಬ ಎಂದು ದೇಶ ಆಚರಿಸಿದ ಐದು ದಿನಕ್ಕೆ, 1983ರ ಫೆಬ್ರವರಿ 12ರಂದು, ಬ್ರೂಕ್ಲಿನ್‌ನಲ್ಲಿ ತೀರಿಕೊಂಡ. ದಾಖಲೆಯ ಲೆಕ್ಕದಲ್ಲಿ ಆಗ 96.

ಇಂದು ‘ಷಫಲ್ ಅಲಾಂಗ್’ ಅನ್ನು ಇದ್ದ ಹಾಗೇ ಆಡುವುದು ಕಷ್ಟ. ಮಿಲ್ಲರ್ ಮತ್ತು ಲೈಲ್ಸ್ ಮುಖಕ್ಕೆ ಮಸಿ ಬಳಿದುಕೊಂಡೇ ಆಡಿದ ಹಾಸ್ಯ ಅದು, ತಪ್ಪು ಇಂಗ್ಲಿಷ್ ಆಡಿಸಿ ನಗಿಸುವ ಬರವಣಿಗೆ. ಸಂಗೀತ ಮುಂದೆ ನಡೆದಷ್ಟು ದೂರ ಮಾತು ನಡೆದಿರಲಿಲ್ಲ. 2016ರಲ್ಲಿ ನಿರ್ದೇಶಕ ಜಾರ್ಜ್ ಸಿ. ವುಲ್ಫ್ ಆ ಹಾಡುಗಳನ್ನು ಉಳಿಸಿಕೊಂಡು, ಜಿಮ್‌ಟೌನ್ ಕತೆ ಬಿಟ್ಟು, ಈ ನಾಲ್ವರು ನಾಟಕ ಕಟ್ಟಿದ ಮತ್ತು ಒಡೆದುಹೋದ ಕತೆಯನ್ನೇ ಬ್ರಾಡ್‌ವೇಗೆ ತಂದ. ಸೇವಿಯನ್ ಗ್ಲೋವರ್ ನೃತ್ಯ ಸಂಯೋಜಿಸಿದ, ಲಾಟಿ ಗೀ ಪಾತ್ರಕ್ಕೆ ಆಡ್ರಾ ಮೆಕ್‌ಡೊನಾಲ್ಡ್ ಬಂದಳು. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಗೆ 10 ನಾಮನಿರ್ದೇಶನ ಸಿಕ್ಕಿದವು, ಪ್ರಶಸ್ತಿ ಒಂದೂ ಬರಲಿಲ್ಲ. ಮೆಕ್‌ಡೊನಾಲ್ಡ್ ಬಸುರಿಯೆಂದು ಬಿಡುವು ಪಡೆಯಬೇಕಾದಾಗ ನಿರ್ಮಾಪಕರು ಜುಲೈ 24ಕ್ಕೆ ನಾಟಕವನ್ನೇ ನಿಲ್ಲಿಸಿದರು.